ಕಟ್ಟಿಗೆ ಓಣಿಗೆ ಬಸ್ಸು ಬೇಕೋ ಬೇಡವೋ

ಸಾಂಬ್ರಾ

ಕುಂದಾ ತರಬೇಡಿ, ಹಾಲಿನ ಪದಾರ್ಥ ಇಲ್ಲಿ ಒಳಗೆ ಬಿಡುವುದಿಲ್ಲ ಎಂದು ತಂಗಿ ಸುನೀತಾ ಸ್ವಿಟ್ಜರ್ಲೆಂಡಿನಿಂದ ಫೋನ್ ಮಾಡಿ ಹೇಳಿದ್ದಳು. ಬೆಳಗಾವಿಯವರು ಕುಂದಾ ಇಲ್ಲದೆ ಒಬ್ಬರ ಮನೆಗೆ ಹೋಗುವುದುಂಟೇ? ನನಗೆ ಕೈ ಬೀಸಿಕೊಂಡು ಹೊರಟಂತೆ ಆಗಿತ್ತು. ಆದರೆ ಬೀಡಿ ಊರಿನಿಂದ ಬಂದಿಳಿದ ನನ್ನ ನೆಗೆಣ್ಣಿ ಶಾರಕ್ಕನ ಕೈಯಲ್ಲಿ ದೊಡ್ಡ ಸ್ಟೀಲ್ ಡಬ್ಬಿ ಇತ್ತು. ಅದರ ತುಂಬ ಶೇಂಗಾ ಹೋಳಿಗೆ.

"ಇದರಾಗ ಹಾಲಿಲ್ಲ, ತುಪ್ಪಿಲ್ಲ. ಬರೇ ಎಣ್ಣಿ ಹಚ್ಚಿ ಬೇಸೀನಿ. ಇದನ್ನ ಯಾವ ಸರಕಾರ ತಡೀತೈತಿ ನೋಡೂಣು," ಎಂದರು.

ಶಾರಕ್ಕ ನನ್ನ ಗಂಡನ ಅಣ್ಣನ ಹೆಂಡತಿ. ಖಾನಾಪುರ ತಾಲೂಕಿನ ಬೀಡಿಯಲ್ಲಿ ಹೊಲಮನೆ ನೋಡಿಕೊಳ್ಳುತ್ತಲೇ ಒಂದು ಅವಧಿಗೆ ಪಂಚಾಯಿತಿ ಸದಸ್ಯೆ ಆಗಿದ್ದವರು. ನಾನೋ ಕಾನ್ವೆಂಟಿನಲ್ಲಿ ಓದಿ, ಅಲ್ಲಿ ಕಲಿತ ಇಂಗ್ಲಿಷನ್ನು ನೆಹರು ನಗರದ ಮನೆಯಲ್ಲಿ ಔಷಧದ ಬಾಟಲಿ ಓದುವುದಕ್ಕಷ್ಟೇ ಬಳಸುತ್ತ ಬಂದವಳು. ನಮ್ಮಿಬ್ಬರ ಗಂಡಂದಿರಿಗೆ ಬಿಡುವೂ ಇರಲಿಲ್ಲ, ಚಳಿಯ ಮೇಲೆ ಪ್ರೀತಿಯೂ ಇರಲಿಲ್ಲ. ಹೀಗಾಗಿ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಹೆಣ್ಣುಮಕ್ಕಳಿಬ್ಬರೇ ಕೈ ಬೀಸಿ ಒಳಗೆ ಹೋದೆವು.

ಮುಂಬೈಯಿಂದ ಮುಂದಿನ ವಿಮಾನದಲ್ಲಿ ಶಾರಕ್ಕ ಬಾಜುವಿನ ಬಿಳಿಯ ಅಜ್ಜನನ್ನು ಕನ್ನಡದಲ್ಲಿ ಮಾತಾಡಿಸಿದರು. ಆತನಿಗೆ ತಿಳಿಯಲಿಲ್ಲ ಎಂದು ಗೊತ್ತಾದೊಡನೆ ಮರಾಠಿಗೆ ತಿರುಗಿದರು. ಖಾನಾಪುರದ ಕಡೆಯವರ ರೂಢಿಯೇ ಅದು. ಕನ್ನಡ ತಿಳಿಯದವರು ಮರಾಠಿಯವರೇ ಇರಬೇಕು. ಇಳಿಯುವ ಹೊತ್ತಿಗೆ ಅಜ್ಜ ಕೈ ಮುಗಿಯುವುದನ್ನು ಕಲಿತಿದ್ದ, ಶಾರಕ್ಕ 'ದಾಂಕೆ' ಎಂದು ಧನ್ಯವಾದ ಹೇಳುವುದನ್ನು.

ಕಟ್ಟಿಗೆ ಓಣಿ

ಕರೆದೊಯ್ಯಲು ಬಂದಿದ್ದ ಸುನೀತಾಳೊಂದಿಗೆ ರೈಲಿನಿಂದ ಇಳಿದು ಹಳದಿ ಬಸ್ಸು ಹತ್ತಿದೆವು. ಅದು ನಮ್ಮನ್ನು ಕೆಳಗಿನ ದೊಡ್ಡ ರಸ್ತೆಯ ಬದಿಗೆ ಇಳಿಸಿ ಹೋಯಿತು. ಊರು ಮೇಲೆ ಗುಡ್ಡದ ಮಗ್ಗುಲಲ್ಲಿ. ಕಲ್ಲು ಹಾಸಿದ ಏರು ಹತ್ತುವಾಗ ನನ್ನ ಸೂಟ್‌ಕೇಸಿನ ಗಾಲಿಯೊಂದು ಕಿತ್ತುಬಂದು, ಉರುಳುತ್ತ ಉರುಳುತ್ತ ಬಸ್ ನಿಲ್ದಾಣಕ್ಕೇ ಮರಳಿತು.

"ಅದಕ್ಕ ಬೆಳಗಾಂವಿ ನೆನಪಾತು," ಎಂದು ಶಾರಕ್ಕ ತಮ್ಮ ಸೂಟ್‌ಕೇಸಿನ ಮೇಲೆ ಕುಳಿತುಬಿಟ್ಟರು. "ಏ ಸುನೀತಾ, ಮನೀತನಾ ಬಸ್ಸಿಲ್ಲೇನವಾ? ನಮ್ಮ ಹಲಸಿ ಊರಿಗೂ ಬಸ್ ಹೋಗತೈತಿ."

"ಅದ ಈಗ ಇಲ್ಲಿ ದೊಡ್ಡ ಗದ್ದಲಾ ನಡದೈತಿ ಅಕ್ಕಾರ," ಎಂದಳು ಸುನೀತಾ.

ಸುನೀತಾ ಬೆಳಗಾವಿಯಲ್ಲಿ ನರ್ಸಿಂಗ್ ಕಲಿತು, ಈಗ ಈ ಊರಿನ ತುದಿಯಲ್ಲಿರುವ ಹಿರಿಯರ ಆರೈಕೆ ಮನೆಯಲ್ಲಿ ಕೆಲಸ ಮಾಡುತ್ತಾಳೆ. ಏರು ಹತ್ತುತ್ತ ಗದ್ದಲದ ಕಥೆ ಹೇಳಿದಳು. ಆರೈಕೆ ಮನೆಗೆ ಬರುವವರು ಕೆಳಗಿನ ನಿಲ್ದಾಣದಿಂದ ನಡೆದೇ ಬರಬೇಕು. ಅಲ್ಲಿರುವವರ ಗೆಳತಿಯರು, ತಂಗಿಯರು ಎಲ್ಲ ವಯಸ್ಸಾದವರು. ಏರು ನೋಡಿಯೇ ಬರುವುದನ್ನು ಬಿಟ್ಟಿದ್ದಾರೆ. ಬಸ್ಸು ಮೇಲಿನ ತನಕ ಬಾರದಿದ್ದರೆ ಆರೈಕೆ ಮನೆಯನ್ನು ಮುಚ್ಚಿ, ಎಲ್ಲರನ್ನೂ ಕಣಿವೆಯ ಕೆಳಗಿನ ಪಟ್ಟಣಕ್ಕೆ ಸಾಗಿಸುವುದೆಂದು ಅದನ್ನು ನಡೆಸುವವರು ಹೇಳಿಬಿಟ್ಟಿದ್ದಾರೆ.

"ನಿನ್ನ ಕೆಲಸದ ಗತಿ?" ಎಂದೆ.

"ನನಗ ಕೆಲಸ ಎಲ್ಲಾದ್ರೂ ಸಿಗತೈತಿ ಅಕ್ಕಾ. ನಮ್ಮ ಅಜ್ಜಿಗೋಳು ಇದ ಊರಾಗ ಹುಟ್ಟಿದಾರ. ಮಲಗಿದಲ್ಲಿಂದ ಕಿಡಕ್ಯಾಗ ಅವರವರ ಮನಿ ಮಾಳಗಿ ಕಾಣತೈತಿ. ಕೆಳಗ ಆ ಕಿಡಕಿ ಯಾರ್ ಕೊಡ್ತಾರ?"

ಹಾಗಾದರೆ ಬಸ್ಸು ಬಿಟ್ಟರಾಯಿತಲ್ಲ ಎನ್ನುವಷ್ಟರಲ್ಲಿ ಓಣಿಯ ತಿರುವು ಬಂತು, ನನಗೆ ಉತ್ತರವೂ ಕಂಡಿತು. ಎರಡೂ ಬದಿಗೆ ಮನೆಗಳ ಮುಂದೆ ಕಟ್ಟಿಗೆ ಒಟ್ಟಿದ್ದರು. ಎಂಥ ಕಟ್ಟಿಗೆ ಎನ್ನುತ್ತೀರಿ! ಸೀಳಿದ ತುಂಡುಗಳೆಲ್ಲ ಒಂದೇ ಉದ್ದ, ತುದಿಗಳೆಲ್ಲ ಒಂದೇ ಸಾಲು, ಮೇಲೆ ತಗಡಿನ ಟೊಪ್ಪಿಗೆ. ನಮ್ಮಲ್ಲಿ ಶೋಕೇಸಿನಲ್ಲಿ ಕಪ್ಪು-ಬಸಿ ಜೋಡಿಸುವವರೂ ಇಷ್ಟು ಮುತುವರ್ಜಿ ವಹಿಸುವುದಿಲ್ಲ. ಜಾಗ ಮಾತ್ರ ಊರಿನದು. ಅಜ್ಜನ ಕಾಲದಿಂದ ಒಟ್ಟುತ್ತ ಬಂದದ್ದರಿಂದ ತಮ್ಮದೇ ಎಂಬ ಭಾವನೆ. ಬಸ್ಸು ತಿರುಗಬೇಕೆಂದರೆ ಕಟ್ಟಿಗೆ ಹಿತ್ತಲಿಗೆ ಹೋಗಬೇಕು. ಚಳಿಗಾಲದಲ್ಲಿ ಹಿಮ ತುಳಿದು ಹಿತ್ತಲಿನಿಂದ ಕಟ್ಟಿಗೆ ಹೊತ್ತು ತರುವ ಕಷ್ಟ ಬೇರೆ. ಬಸ್ಸು ಬೇಕೋ ಬೇಡವೋ ಎಂದು ಬರುವ ಭಾನುವಾರ ಊರ ಸಭೆ ತೀರ್ಮಾನಿಸುವುದಿತ್ತು.

ನಗಲು ನನಗೆ ಧೈರ್ಯ ಬರಲಿಲ್ಲ. ನೆಹರು ನಗರದ ನಮ್ಮ ಓಣಿಯಲ್ಲಿ ಒಬ್ಬರ ಗೇಟಿನ ಇಳಿಜಾರು, ಒಬ್ಬರ ಹೂವಿನ ಕುಂಡ, ಇನ್ನೊಬ್ಬರು ಎಂದೂ ಓಡಿಸದ ಹಳೆಯ ಕಾರು. ಅಂಬ್ಯುಲೆನ್ಸ್ ಒಳಗೆ ಬಂದರೆ ಹಿಮ್ಮುಖವಾಗಿಯೇ ಹೋಗಬೇಕು. ನಮ್ಮ ತುಳಸಿ ಕಟ್ಟೆಯೂ ಒಂದು ಗೇಣು ರಸ್ತೆಗೆ ಬಂದಿದೆ. ಅದು ದೇವರದ್ದು ಎಂದು ಸುಮ್ಮನಿದ್ದೇವೆ.

ವೆರೆನಾ ಅವರ ಅಡುಗೆಮನೆ

ಸುನೀತಾ ಬಾಡಿಗೆಗಿದ್ದ ಮಹಡಿಯ ಕೆಳಗೆ ಮನೆಯ ಒಡೆಯರಾದ ಯಾಕೋಬ್ ಮತ್ತು ವೆರೆನಾ ಇದ್ದರು. ಇಬ್ಬರೂ ಎಂಬತ್ತರ ಹತ್ತಿರದವರು. ತಿರುವಿನಲ್ಲಿದ್ದ ಅತಿ ದೊಡ್ಡ, ಅತಿ ಅಂದದ ಕಟ್ಟಿಗೆ ರಾಶಿ ಯಾಕೋಬನದೇ. ಆತ ಬೆಳಿಗ್ಗೆ ಎದ್ದು ಅದರ ಮುಂದೆ ನಿಂತು, ಹೊರಗೆ ಚಾಚಿದ ಒಂದು ತುಂಡನ್ನು ಅಂಗೈಯಿಂದ ತಟ್ಟಿ ಒಳಗೆ ಸೇರಿಸಿ, ಹಿಂದೆ ಸರಿದು ನೋಡಿ, ಆಮೇಲೇ ಕಾಫಿ ಕುಡಿಯುತ್ತಿದ್ದ.

ವೆರೆನಾ ಚಿಕ್ಕ ವಯಸ್ಸಿನಲ್ಲಿ ಹೋಟೆಲಿನಲ್ಲಿ ಕೆಲಸ ಮಾಡಿದ್ದರಿಂದ ಇಂಗ್ಲಿಷ್ ಬಲ್ಲವರು. ಹೀಗಾಗಿ ನಾನು ದುಬಾಷಿ. ಮೂವರೂ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಾಗ ಶಾರಕ್ಕ ಮಾತು ತೆಗೆದರು.

"ಭಾನುವಾರ ಓಟು ಹೆಂಗ ಹಾಕ್ತಾರ ಕೇಳು ತಂಗಿ. ಮಶೀನೋ, ಶಿಕ್ಕಾನೋ?"

"ಕೈ ಎತ್ತುತ್ತೇವೆ. ಎಲ್ಲರೂ ಒಂದೇ ಸಭಾಂಗಣದಲ್ಲಿ ಕುಳಿತು," ಎಂದರು ವೆರೆನಾ.

ಶಾರಕ್ಕನ ಕೈಯಿಂದ ಆಲೂಗಡ್ಡೆ ಜಾರಿ ನೀರಿಗೆ ಬಿತ್ತು. "ಎಲ್ಲಾರ ಎದುರಿಗೆ? ಗಂಡನ ಬಾಜೂಕ ಕುಂತು? ಅಯ್ಯ ಶಿವನ! ಮತ್ತ ಮನಿಗೆ ಬಂದು ಅಡಗಿ ಹೆಂಗ ಮಾಡೂದು?"

ನಾನು ಅದನ್ನು ಇಂಗ್ಲಿಷಿಗೆ ತಂದೆ. ವೆರೆನಾ ಬಿದ್ದು ಬಿದ್ದು ನಕ್ಕರು. ನಿಮ್ಮಲ್ಲಿ ಹೇಗೆ ಎಂದು ಕೇಳಿದರು.

"ನಮ್ಮಲ್ಲಿ ಮನೀಯಿಂದ ಸಾಲೀತನಾ ಅವರು ಹೇಳ್ಕೋತ ಬರ್ತಾರ, ಇದಕ್ಕ ಒತ್ತು, ಮರೀಬ್ಯಾಡಾ ಅಂತ. ನಾವು ಹೂಂ, ಹೂಂ ಅಂತೀವಿ. ಆ ರಟ್ಟಿನ ಮರೀಗೆ ಹೋದಮ್ಯಾಲ ನಾನು, ಮಶೀನು, ಇಬ್ಬರ. ಹೊರಗ ಬಂದು ಮತ್ತ ಹೂಂ ಅಂತೀನಿ."

"ಎಷ್ಟು ವರ್ಷದಿಂದ ಹಾಕುತ್ತಿದ್ದೀರಿ?"

"ನಮ್ಮ ಅತ್ತಿ ಲಗ್ನಾ ಆಗಿ ಬಂದಾಗಿಂದ ಹಾಕ್ಯಾರ."

ವೆರೆನಾ ಚಾಕು ಕೆಳಗಿಟ್ಟರು. ಮದುವೆಯಾದಾಗ ತಮಗೆ ಇನ್ನೂ ದೇಶದ ಚುನಾವಣೆಯಲ್ಲಿ ಮತದ ಹಕ್ಕೇ ಇರಲಿಲ್ಲವಂತೆ. ಹೆಂಗಸರಿಗೆ ಕೊಡಬೇಕೋ ಬೇಡವೋ ಎಂದು ಗಂಡಸರೇ ಮತ ಹಾಕಿ ನಿರ್ಧರಿಸಿದ್ದಂತೆ. ಇದನ್ನು ಕನ್ನಡಕ್ಕೆ ತಂದಾಗ ಶಾರಕ್ಕ ಎದ್ದು ಹೋಗಿ ವೆರೆನಾ ಅವರ ಹೆಗಲ ಮೇಲೆ ಕೈ ಇಟ್ಟು ಸಮಾಧಾನ ಹೇಳಿದರು, ಮರಾಠಿಯಲ್ಲಿ.

"ನೀವು ಬಸ್ಸಿನ ಪರವೋ?" ಎಂದು ನಾನು ಕೇಳಿದೆ.

"ಪರ. ಇನ್ನೆರಡು ವರ್ಷಕ್ಕೆ ನಾನೂ ಆ ಆರೈಕೆ ಮನೆಗೇ ಹೋಗಬಹುದು. ಅಲ್ಲಿರುವವರ ಮೇಲಿನ ಮರುಕದಿಂದ ಹೌದು ಎನ್ನುತ್ತೇನೋ, ನನ್ನ ಅನುಕೂಲಕ್ಕೋ, ನನಗೇ ಬಿಡಿಸಿ ಹೇಳಲು ಬಾರದು. ಯಾಕೋಬ್ ಮಾತ್ರ ವಿರೋಧ."

"ಅವರ ಪಕ್ಕದಲ್ಲೇ ಕುಳಿತು ಕೈ ಎತ್ತುತ್ತೀರಾ?"

"ಎತ್ತುತ್ತೇನೆ. ಆತ ಎರಡು ದಿನ ಮಾತು ಬಿಡುತ್ತಾನೆ. ಮನೆ ನೆಮ್ಮದಿಯಾಗಿರುತ್ತದೆ," ಎಂದು ಕಣ್ಣು ಮಿಟುಕಿಸಿದರು.

ಎಲ್ಲರೂ ಅವರಷ್ಟು ಗಟ್ಟಿಗರಲ್ಲ. ಆದರೂ ಕೈ ಎತ್ತುವ ಪದ್ಧತಿಯೇ ತನಗೆ ಆಸರೆ ಎಂದು ಸುನೀತಾ ನಂಬಿದ್ದಳು. "ನಾವು ಅಜ್ಜಾ-ಅಜ್ಜಿಗೋಳನ್ನ ಮುಂದಿನ ಸಾಲಿನಾಗ ಕುಂದರಸ್ತೀವಿ. ಅವರ ಮಾರಿ ನೋಡ್ಕೋತ ಬ್ಯಾಡ ಅನ್ನಾಕ ಯಾರಿಗಾದ್ರೂ ನಾಚಿಕಿ ಆಗತೈತಿ. ಆ ನಾಚಿಕಿ ಮ್ಯಾಲೆ ನನ್ನ ಭರೋಸಾ."

ಶನಿವಾರ

ಮರುದಿನ ಸಭೆ ಎನ್ನುವಾಗ ನಾನೂ ಸುನೀತಾನೂ ಆರೈಕೆ ಮನೆಗೆ ಹೋಗಿ ಬಂದೆವು. ಓಣಿಯ ತುದಿಯಲ್ಲಿ ಶಾರಕ್ಕ ಎದುರಾದರು. ಇಳಕಲ್ ಸೀರೆಯ ಮೇಲೆ ಸ್ವೆಟರ್, ಕಂಕುಳಲ್ಲಿ ಡಬ್ಬಿ, ಮುಖದಲ್ಲಿ ಗೆದ್ದ ಕಳೆ.

"ಓಣಿ ಪೂರಾ ಮುಗಿಸಿದೆ," ಎಂದರು.

ಮನೆಮನೆಗೆ ಹೋಗಿ, ಹೋಳಿಗೆ ಕೊಟ್ಟು, ತಿರುವಿನ ಕಡೆ ಬೆರಳು ಮಾಡಿ, ಸ್ಟೀರಿಂಗ್ ತಿರುಗಿಸಿದಂತೆ ತೋರಿಸಿ, 'ಬಸ್ಸು' ಎಂದು ಕೈ ಮುಗಿದು ಬಂದಿದ್ದರು!

ಸುನೀತಾಳ ಬಣ್ಣ ಇಳಿಯಿತು. "ಅಕ್ಕಾರ, ನಾಳೆ ಓಟು! ಇವತ್ತ ಸಿಹಿ ಹಂಚಿದ್ರ ಮಂದಿ ಏನ್ ತಿಳೀತಾರ?"

"ಏನ್ ತಿಳೀತಾರ? ಚಲೋ ಆಗೇತಿ ಅಂತ ತಿಳೀತಾರ."

"ಇದಕ್ಕ ಇಲ್ಲಿ ಲಂಚಾ ಅಂತಾರ್ರೀ!"

"ಒಂದ್ ಹೋಳಿಗಿಗೆ? ನಮ್ಮ ಕಡೆ ಮಂದಿ ಸೀರಿ ತುಗೊಂಡು ಸೈತ ಓಟು ಹಾಕಂಗಿಲ್ಲ. ಹಿಂಗ ಹೆದರೂ ದೇಶ ಹೆಂಗ ನಡೀತೈತವಾ?"

ನಗು ಬಂದರೂ ನನಗೆ ಒಳಗೇ ಅಳುಕಿತ್ತು. ಕತ್ತಲಾಗುವ ಮೊದಲೇ ಬಾಗಿಲು ಬಡಿಯುವ ಸದ್ದು ಶುರುವಾಯಿತು. ಒಬ್ಬಾಕೆ ಹಣ್ಣಿನ ಜಾಮ್ ತಂದಳು, ಇನ್ನೊಬ್ಬಾಕೆ ಮೊಟ್ಟೆ, ಮತ್ತೊಬ್ಬಾಕೆ ಬಿಸಿ ಪಾತ್ರೆ ಹಿಡಿಯಲು ಉಣ್ಣೆಯಲ್ಲಿ ಹೆಣೆದ ಮಸಿಅರಿವೆ. ನಮ್ಮಲ್ಲೂ ಯಾರಾದರೂ ತಿನಿಸು ಕಳಿಸಿದ ಡಬ್ಬಿಯನ್ನು ಬರಿದಾಗಿ ಮರಳಿಸುವುದಿಲ್ಲ, ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕುತ್ತೇವೆ. ಆದರೆ ನಾವು ವಾರ ಬಿಟ್ಟು ಕೊಡುತ್ತೇವೆ. ಇವರಿಗೆ ಸಭೆಗೆ ಮೊದಲೇ ಋಣ ತೀರಿಸಿಕೊಳ್ಳುವ ಅವಸರ.

ಕೊನೆಗೆ ಯಾಕೋಬ್ ಮೆಟ್ಟಿಲು ಹತ್ತಿ ಬಂದ. ಒಲೆಗೆ ಹಚ್ಚುವ ಚಕ್ಕೆಗಳನ್ನು ದಾರದಿಂದ ಕಟ್ಟಿ ಹೂಗುಚ್ಛದಂತೆ ಹಿಡಿದಿದ್ದ. ಅದನ್ನು ಶಾರಕ್ಕನಿಗೆ ಕೊಟ್ಟು ಗಂಭೀರವಾಗಿ ಏನೋ ಹೇಳಿದ.

"ಹೋಳಿಗಿ ಭಾಳ ರುಚಿ ಇತ್ತಂತ," ಎಂದು ಸುನೀತಾ ತಿಳಿಸಿದಳು. "ಆದ್ರೂ ನಾಳೆ ಬಸ್ಸಿಗೆ ತಾನು ಕೈ ಎತ್ತಂಗಿಲ್ಲಂತ."

"ಮಾರಿ ಮ್ಯಾಲೆ ಹೇಳಿದ್ರಲ್ಲ, ದೊಡ್ಡ ಮನಷ್ಯಾರು," ಎಂದು ಶಾರಕ್ಕ ಚಕ್ಕೆಯ ಕಟ್ಟನ್ನು ಎರಡೂ ಕೈಯಿಂದ ತೆಗೆದುಕೊಂಡರು.

ಭಾನುವಾರ, ಶಾಲೆಯ ಹಾಲ್

ಚರ್ಚಿನಿಂದ ಊರೆಲ್ಲ ನೇರವಾಗಿ ಶಾಲೆಯ ಆಟದ ಹಾಲಿಗೆ ಬಂತು. ಮತದ ಹಕ್ಕಿಲ್ಲದವರಿಗೆ ಹಿಂದೆ ಬೇರೆ ಬೆಂಚು. ನಾವಿಬ್ಬರು ಅಲ್ಲಿ ಕುಳಿತೆವು, ನಮ್ಮೊಂದಿಗೆ ಸುನೀತಾನೂ. ಅವಳು ಇನ್ನೂ ಇಲ್ಲಿನ ಪ್ರಜೆಯಾಗಿಲ್ಲ. ಈ ಮತದಾನಕ್ಕಾಗಿ ನಿದ್ದೆಗೆಟ್ಟವಳಿಗೇ ಮತವಿಲ್ಲದಿರುವುದು ನನಗೆ ಚುಚ್ಚಿತು. ಅವಳು ಮಾತ್ರ ಮುಂದಿನ ಸಾಲಿನ ಗಾಲಿಕುರ್ಚಿಯ ಅಜ್ಜಿಯೊಬ್ಬರ ಶಾಲು ಜಾರುತ್ತಿದೆಯೋ ಎಂದು ನೋಡುತ್ತಿದ್ದಳು.

ಮೊದಲು ಬಿಳಿ ಮೀಸೆಯ ರೈತನೊಬ್ಬ ಎದ್ದು ಹಿರಿಯರ ಕಷ್ಟದ ಬಗ್ಗೆ ಕರುಳು ಕಿವುಚುವಂತೆ ಮಾತಾಡಿದ. ಸುನೀತಾ ಪಿಸುಗುಟ್ಟಿ ಅನುವಾದಿಸುತ್ತಿದ್ದಳು.

"ಇಂವಾ ಏನ್ ಮಾರ್ತಾನ?" ಎಂದು ಶಾರಕ್ಕ.

"ಚೀಸು. ಆರೈಕಿ ಮನಿ ಬಾಜೂಕ ಅಂಗಡಿ ಐತಿ."

"ಬಸ್ ಬಂದ್ರ ಗಿರಾಕಿ ಬರ್ತಾವ. ತಿಳೀತು."

ಆಮೇಲೆ ಒಬ್ಬ ಹೆಂಗಸು ಎದ್ದು, ಬಸ್ಸು ಬಂದರೆ ಆಡುವ ಮಕ್ಕಳ ಗತಿಯೇನು ಎಂದು ಗದ್ಗದಳಾದಳು.

"ಇಕಿಗೆ ಎಷ್ಟ್ ಮಕ್ಕಳು?"

"ಒಂದೂ ಇಲ್ಲ. ಕಟ್ಟಿಗಿ ರಾಶಿ ಎರಡ ಅದಾವು."

ಭಾಷೆ ತಿಳಿಯದಿದ್ದರೂ ನನಗೆ ನಮ್ಮ ಓಣಿಯ ಸಭೆಯಲ್ಲೇ ಕುಳಿತಂತಿತ್ತು. ಅಲ್ಲಿಯೂ ಯಾರೂ ತಮ್ಮ ಕಾರಿಗೆ ಜಾಗ ಬೇಕು ಎನ್ನುವುದಿಲ್ಲ. ಬಂದ ಅತಿಥಿಗಳಿಗೆ ತೊಂದರೆಯಾಗುತ್ತದೆ ಎನ್ನುತ್ತಾರೆ.

ಆಗ ಯಾಕೋಬ್ ಎದ್ದ. ನಮ್ಮ ಬೆಂಚಿನ ಕಡೆ ತಿರುಗಿ ತಲೆಬಾಗಿದ. ಸಭೆಯಲ್ಲಿದ್ದವರೆಲ್ಲ ನಮ್ಮನ್ನು ನೋಡಿ ನಕ್ಕರು. ಸುನೀತಾಳ ಅನುವಾದ ನಿಂತೇಹೋಯಿತು.

"ಏನಂದ್ರು?" ಎಂದು ನಾನು ಮೊಣಕೈಯಿಂದ ತಿವಿದೆ.

"ನಿನ್ನೆ ಓಣಿಯವರೆಲ್ಲಾ ಹಿಂದುಸ್ತಾನದ ಸಿಹಿ ತಿಂದೀವಿ, ಭಾಳ ಚಲೋ ಇತ್ತು. ಇವತ್ತ ಯಾರರೆ ಕೈ ಎತ್ತಿದ್ರ ಸಿಹಿ ಸಲುವಾಗಿ ಎತ್ತಿದ್ರು ಅಂತಾರ, ಎತ್ತಲಿಲ್ಲಂದ್ರ ತಿಂದು ಮರತ್ರು ಅಂತಾರ. ಅದಕ್ಕ ಚೀಟಿ ಮ್ಯಾಲೆ ಬರದು ಗುಪ್ತ ಹಾಕೂಣು ಅಂತ."

ಸಾಕಷ್ಟು ಜನ ಕೇಳಿದರೆ ಗುಪ್ತವಾಗಿ ಮತ ಹಾಕಬಹುದೆಂಬ ನಿಯಮ ಅವರಲ್ಲಿದೆ. ಎಷ್ಟು ಬೇಗ ಕೈಗಳು ಮೇಲೆದ್ದವು! ಎಲ್ಲರೂ ಯಾರಾದರೂ ಹೇಳಲಿ ಎಂದು ಕಾದಿದ್ದಂತೆ. ನಾಚಿಕೆಯ ಮೇಲೆ ಭರವಸೆ ಇಟ್ಟಿದ್ದ ಸುನೀತಾ ತನ್ನ ಅಂಗೈಯನ್ನೇ ನೋಡುತ್ತ ಕುಳಿತಳು. ಇನ್ನು ಯಾರ ಮುಖವನ್ನೂ ಯಾರೂ ನೋಡಬೇಕಿಲ್ಲ. ಪ್ರತಿಯೊಬ್ಬರೂ ತಮ್ಮ ಕಟ್ಟಿಗೆಯನ್ನು ಉಳಿಸಿಕೊಳ್ಳಬಹುದು.

"ನನ್ನ ಹೋಳಿಗಿಯಿಂದ ಆತೇನವಾ ಇದು?" ಶಾರಕ್ಕನ ದನಿ ಸಣ್ಣದಾಗಿತ್ತು. "ತಪ್ಪಾತು ಅಂತ ಎದ್ದು ಹೇಳ್ತೀನಿ, ತಡಿ." ಎದ್ದೇಬಿಟ್ಟರು. ಸುನೀತಾ ಸೆರಗು ಹಿಡಿದು ಕೂರಿಸಿದಳು. ಹಿಂದಿನ ಬೆಂಚಿನವರು ಮಾತಾಡುವಂತಿಲ್ಲ.

ಚೀಟಿ ಹಂಚಿದರು. ನನಗೆ ನಮ್ಮ ಕಾನ್ವೆಂಟಿನ ಕ್ಲಾಸ್ ಲೀಡರ್ ಚುನಾವಣೆ ನೆನಪಾಯಿತು. ಸಿಸ್ಟರ್ ನಮ್ಮನ್ನೆಲ್ಲ ಡೆಸ್ಕಿನ ಮೇಲೆ ತಲೆಯಿಡಿಸಿ, ಕಣ್ಣು ಮುಚ್ಚಿಸಿ ಕೈ ಎತ್ತಿಸುತ್ತಿದ್ದರು. ಕಣ್ಣು ತೆರೆದಿದ್ದಾಗ ನಾವು ಪೆಪ್ಪರಮೆಂಟು ಕೊಟ್ಟ ಜೋರಿನ ಹುಡುಗಿಯ ಪರ. ಮುಚ್ಚಿದಾಗ ಬಡಬಡಿಸದೆ ಎಲ್ಲರ ಪಾಟಿಯನ್ನೂ ಒರೆಸಿಕೊಡುತ್ತಿದ್ದ ಹುಡುಗಿಯೇ ಹೇಗೋ ಗೆಲ್ಲುತ್ತಿದ್ದಳು.

ಮುಂದೆ ಯಾಕೋಬ್ ಮತ್ತು ವೆರೆನಾ ಅಕ್ಕಪಕ್ಕ ಕುಳಿತು, ಪರೀಕ್ಷೆಯಲ್ಲಿ ಉತ್ತರ ಮುಚ್ಚಿಕೊಳ್ಳುವ ಮಕ್ಕಳಂತೆ ಒಂದು ಕೈ ಅಡ್ಡ ಹಿಡಿದು ಬರೆಯುತ್ತಿದ್ದರು.

ಎಣಿಕೆ ಮುಗಿಯಿತು. ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡು ಓದಿದಳು. ನಮಗೆ ಅರ್ಥವಾಗುವ ಮೊದಲೇ ಸುನೀತಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಬಸ್ಸು ಗೆದ್ದಿತ್ತು. ಬೇಕು ಎಂದವರು ಬೇಡ ಎಂದವರಿಗಿಂತ ಎಷ್ಟೋ ಹೆಚ್ಚು.

ಆಮೇಲೆ ರೊಟ್ಟಿ, ಚೀಸು, ಮಾತು. ಓಣಿಯ ಒಂದೊಂದೇ ಮುಖವನ್ನು ನೋಡುತ್ತ ನಾನು ಯೋಚಿಸಿದೆ: ತಮ್ಮ ಕಟ್ಟಿಗೆ ಹೋಗುತ್ತದೆಂದು ಗೊತ್ತಿದ್ದೂ, ಯಾರೂ ನೋಡದಿದ್ದಾಗ 'ಬೇಕು' ಎಂದು ಬರೆದವರು ಯಾರು? ತಮಗೂ ಮುಪ್ಪು ಬರುತ್ತದೆಂದು ಬರೆದರೋ, ಆ ಕಿಟಕಿಗಳನ್ನು ನೆನೆದು ಬರೆದರೋ, ಚೀಸಿನ ಗಿರಾಕಿಗೋ? ಎಲ್ಲವೂ ಒಂದೇ ಡಬ್ಬಿಯಲ್ಲಿ ಕಲಸಿಹೋಗಿದ್ದವು. ಬೇರ್ಪಡಿಸಿ ನೋಡುವ ಹಕ್ಕು ನನಗಿಲ್ಲವೆನಿಸಿ, ಇನ್ನೊಂದು ತುಂಡು ರೊಟ್ಟಿ ತೆಗೆದುಕೊಂಡೆ.

ಸೋಮವಾರ

ಬೆಳಿಗ್ಗೆ ಕಟ್ಟಿಗೆ ಉರುಳುವ ಸದ್ದಿಗೆ ಎಚ್ಚರವಾಯಿತು. ಕೆಳಗೆ ಯಾಕೋಬ್ ತನ್ನ ರಾಶಿಯನ್ನು ತಾನೇ ಬಿಚ್ಚಿ ಕೈಗಾಡಿಗೆ ತುಂಬುತ್ತಿದ್ದ. ಯಾರೂ ಬಂದು ಹೇಳಿರಲಿಲ್ಲ. ಓಣಿಯಲ್ಲಿ ಆತನದೇ ಮೊದಲು.

ಶಾರಕ್ಕ ಸೆರಗು ಸಿಕ್ಕಿಸಿ ಇಳಿದು ಹೋದರು. ನಾನೂ ಸುನೀತಾನೂ ಹಿಂಬಾಲಿಸಿದೆವು. ಒಂದು ಗಾಡಿ ತುಂಬಿದ ಮೇಲೆ ಶಾರಕ್ಕನಿಗೆ ತಡೆಯಲಾಗಲಿಲ್ಲ.

"ಕೇಳ ಸುನೀತಾ, ಅವರು ಏನಂತ ಬರದ್ರು ಅಂತ."

"ಬೇಡ ಅಂತಲೇ," ಎಂದ ಯಾಕೋಬ್.

"ಸೋತು ಸಿಟ್ಟು ಬಂದಿಲ್ಲಂತ?"

"ಬಂದಿದೆ. ಸಿಟ್ಟಿದ್ದಾಗ ಕಟ್ಟಿಗೆ ಬೇಗ ಸಾಗುತ್ತದೆ." ಒಂದು ತುಂಡನ್ನು ಒರೆಸಿ ಗಾಡಿಯಲ್ಲಿಟ್ಟ. "ಬೇಡ ಎನ್ನುವುದು ನಿನ್ನೆಯ ತನಕ ನನ್ನ ಕೆಲಸ. ಇವತ್ತು ಇದು ನನ್ನ ಕೆಲಸ. ಗೆದ್ದಿದ್ದರೆ ಅವರು ನನ್ನ ಮಾತು ಕೇಳಬೇಕಿತ್ತಲ್ಲ?"

ಸುನೀತಾ ಕನ್ನಡದಲ್ಲಿ ಹೇಳಿದಾಗ ಶಾರಕ್ಕ ಕೈಯಲ್ಲಿದ್ದ ತುಂಡನ್ನು ಗಾಡಿಯಲ್ಲಿ ಇಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಎರಡನೇ ಸಲ ಪಂಚಾಯ್ತಿಗೆ ನಿಂತು ಸೋತಾಗ ನಾ ಗೆದ್ದಾಕಿ ಮನಿ ಮುಂದ ಹಾಯ್ಬಾರದಂತ ಗದ್ದಿ ಸುತ್ತ ಹಾಕಿ ಹೊಲಕ್ಕ ಹೋಕ್ಕಿದ್ದೆ," ಎಂದರು. "ಆಕಿಗೇನೂ ಆಗಲಿಲ್ಲ. ನನ್ನ ಮಣಕಾಲು ಹೋದ್ವು ನೋಡ."

ಮೂವರೂ ನಕ್ಕೆವು. ಯಾಕೆಂದು ತಿಳಿಯದಿದ್ದರೂ ಯಾಕೋಬನೂ ನಕ್ಕ. ಮಧ್ಯಾಹ್ನದ ಹೊತ್ತಿಗೆ ಓಣಿಯಲ್ಲಿ ಇನ್ನೂ ಮೂರ್ನಾಲ್ಕು ಕೈಗಾಡಿಗಳ ಸದ್ದು ಕೇಳುತ್ತಿತ್ತು.

ಹೊರಡುವ ಮುನ್ನಾದಿನ

ತಿರುವು ಖಾಲಿಯಾದ ಮೇಲೆ ಬಸ್ಸು ತಿರುಗುತ್ತದೋ ಇಲ್ಲವೋ ನೋಡಲು ಖಾಲಿ ಬಸ್ಸೊಂದನ್ನು ಮೇಲೆ ಕಳಿಸಿದರು. ಊರೆಲ್ಲ ಓಣಿಯಲ್ಲಿ. ಯಾಕೋಬ್ ತಿರುವಿನಲ್ಲಿ ನಿಂತು ಎರಡೂ ಕೈ ಬೀಸಿ ಚಾಲಕನಿಗೆ ದಾರಿ ತೋರಿಸಿದ. ಎದುರಿನ ಗೋಡೆಯ ಬಳಿ ಶಾರಕ್ಕ. "ಬರ್ಲಿ... ಬರ್ಲಿ... ಹೋಲ್ಡಾನ್!" ಬಸ್ಸು ನಿಂತಿತು. "ಹಾಂ, ರೈಟ್!" ಬಸ್ಸು ತಿರುಗಿತು. ಖಾನಾಪುರ ಸ್ಟ್ಯಾಂಡಿನ ಭಾಷೆ ಅಲ್ಲಿಯೂ ನಡೆಯಿತು.

ಆರೈಕೆ ಮನೆಯ ಮುಂದೆ ಬಸ್ಸು ನಿಂತು ಬಾಗಿಲು ತೆರೆಯಿತು. ಒಳಗಿನಿಂದ ಅಜ್ಜಿಯೊಬ್ಬರು ಮನೆಯ ಚಪ್ಪಲಿಯಲ್ಲೇ ಬಂದರು, ಕಂಕುಳಲ್ಲಿ ಪರ್ಸು. ಸುನೀತಾ ಹಿಡಿಯುವಷ್ಟರಲ್ಲಿ ಮೆಟ್ಟಿಲು ಹತ್ತಿ ಮುಂದಿನ ಸೀಟಿನಲ್ಲಿ ಕುಳಿತರು. ಚಾಲಕ ಏನೋ ಹೇಳಿದ. ಅಜ್ಜಿ ಅದಕ್ಕಿಂತ ದೊಡ್ಡದಾಗಿ ಏನೋ ಹೇಳಿದರು.

"ಇವತ್ತ ಬರೇ ನೋಡಾಕ ಬಂದೀವಿ, ಮಂದಿ ಕುಂದರಸಂಗಿಲ್ಲ ಅಂತಾನ," ಎಂದು ಸುನೀತಾ ನಗುತ್ತ ಕಣ್ಣೊರೆಸಿಕೊಂಡಳು. "ಅಜ್ಜಿ, ನಾ ಓಟು ಹಾಕಿದ್ದು ಕುಂದರಾಕ, ನೋಡಾಕಲ್ಲ ಅಂತಾರ. ಕೆಳಗಿನ ತಂಗಿ ಮನೀಗೆ ಹೋಗ್ತಾರಂತ."

ಚಾಲಕ ಸಹಾಯಕ್ಕಾಗಿ ಯಾಕೋಬನ ಕಡೆ ನೋಡಿದ. ಯಾಕೋಬ್ ಕೈಗೆ ಹತ್ತಿದ್ದ ಕಟ್ಟಿಗೆಯ ಪುಡಿಯನ್ನು ಪ್ಯಾಂಟಿಗೆ ಒರೆಸಿಕೊಂಡು, ತಾನೂ ಹತ್ತಿ ಅಜ್ಜಿಯ ಹಿಂದಿನ ಸೀಟಿನಲ್ಲಿ ಕುಳಿತ. ಶಾರಕ್ಕ ಬಸ್ಸಿನ ಬದಿಯನ್ನು ಅಂಗೈಯಿಂದ ಎರಡು ಸಲ ಬಡಿದರು.

"ರೈಟ್, ರೈಟ್!"

ಬಸ್ಸು ಹೊರಟಿತು.